ಗಂಗಾಳ ಹಿಡಿಸುವ ಮಷೀನು

ಹಿರೇಹಡಗಲಿ
೨೩ ನವೆಂಬರ್ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಸೊಸೆ ಯಶೋಧರಾ,

ನಿನ್ನ ಸೋದರಮಾವ ಮೈಲಪ್ಪನ ಜೈಭೀಮ್. ಇನ್ನೊಂದು ತಿಂಗಳು ಕಳೆದರೆ ನಿನಗೆ ಸಲ್ಯೂಟನ್ನೂ ಹೊಡೆಯಬೇಕಾಗುತ್ತದಲ್ಲ, ಅದನ್ನೀಗಲೇ ರೂಢಿ ಮಾಡಿಕೊಳ್ಳುತ್ತಿದ್ದೇನೆ. ಲಗೇಜ್ ಆಟೋದ ಕನ್ನಡಿಯ ಮುಂದೆ ನಿಂತು ಹೊಡೆದರೆ ನನಗಿಂತ ಚೆಂದ ಹೊಡೆಯುವವನು ಹಡಗಲಿ ತಾಲೂಕಿನಲ್ಲಿ ಇಲ್ಲ ಅನ್ನಿಸುತ್ತದೆ. ಇರಲಿ. ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಹೋದ ತಿಂಗಳು ಓಟದಲ್ಲಿ ಬಾತುಕೊಂಡಿದೆ ಅಂದಿದ್ದೆ. ನಿಮ್ಮತ್ತೆ ಕೊಟ್ಟು ಕಳಿಸಿದ ಎಣ್ಣೆಯನ್ನು ಹಚ್ಚಿದೆಯೋ ಅಥವಾ ವಾಸನೆ ಅಂತ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟೆಯೋ? ಹೊಟ್ಟೆ ತುಂಬ ಉಣ್ಣು. ಅಲ್ಲಿ ದಿನಾ ಚಪಾತಿಯಂತೆ, ಜೋಳದ ರೊಟ್ಟಿ ತಿಂದು ಬೆಳೆದ ಹೊಟ್ಟೆ ಅದಕ್ಕೆ ಹೇಗೆ ಒಗ್ಗಿತೋ. ನಾವೆಲ್ಲ ಆರಾಮ ಇದ್ದೇವೆ. ನನ್ನ ಬಿಪಿ ಮಾತ್ರೆ ಅರ್ಧಕ್ಕೆ ಇಳಿದಿದೆ. ಡಾಕ್ಟರು ನನ್ನನ್ನು ನೋಡಿ ಅಚ್ಚರಿಪಟ್ಟರು. ಅವರು ಅಚ್ಚರಿಪಟ್ಟದ್ದು ನನ್ನ ಮಾತು ಕೇಳಿ ಅಂತ ನಿಮ್ಮತ್ತೆ ಹೇಳುತ್ತಾಳೆ, ನೀನು ನಂಬಬೇಡ.

ಇವತ್ತು ಬೆಳಿಗ್ಗೆ ನಿನಗೆ ಸಿಕ್ಕ ಹತ್ತು ನಿಮಿಷದ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು, "ಅವ್ವನ ಕೈ ಹೆಂಗದಾವು ಮಾಮಾ, ಮಷೀನು ಬಳಸ್ತಾಳಿಲ್ಲ?" ಅಂತ. ನಾನು "ಎಲ್ಲಾ ಚಲೋ ಐತಿ" ಅಂದು ಮಾತು ಮುಗಿಸಿದೆ. ಏನು ಮಾಡಲಿ, ನಿನ್ನವ್ವ ನನ್ನ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಶೇಂಗಾ ಸುಲಿಯುತ್ತಾ ಕೂತಿದ್ದಳು, ಕಿವಿ ಮಾತ್ರ ಫೋನಿನೊಳಗೇ ಇತ್ತು. ಎಲ್ಲಾ ಚಲೋ ಆಗುವುದಕ್ಕೆ ಮುಂಚೆ ಏನೇನಾಯಿತು ಅನ್ನುವುದನ್ನು ಅವಳ ಎದುರು ಹೇಳಲು ಬರುವುದಿಲ್ಲ. ಅದಕ್ಕೇ ಈ ಕಾಗದ. ಏಳನೇ ಕ್ಲಾಸನ್ನು ಎರಡು ಸಲ ಓದಿದವನು ನಾನು, ಅಂದರೆ ಲೆಕ್ಕಕ್ಕೆ ಹದಿನಾಲ್ಕು ಕ್ಲಾಸು. ಅಕ್ಷರ ಓರೆಯಾದರೂ ವಿಷಯ ನೆಟ್ಟಗಿರುತ್ತದೆ.

ನೀನು ತರಬೇತಿಗೆ ಹೊರಟ ದಿನ ನಡೆದದ್ದು ನನ್ನ ಕಣ್ಣ ಮುಂದೆ ಹಾಗೇ ಇದೆ. ಪರೇಡಿನ ದಿನ ಹೊಸ ಪಿಎಸ್‌ಐಗಳ ಹೆಗಲಿಗೆ ನಕ್ಷತ್ರ ಹಚ್ಚುವವರು ಅವರ ತಂದೆತಾಯಿ ಅಂತ ನೀನು ಹೇಳಿದೆ, ಅಪ್ಪ ಅಂತೂ ಇಲ್ಲ, ಎರಡೂ ಹೆಗಲಿಗೆ ಅವ್ವನೇ ಹಚ್ಚಬೇಕು ಅಂದೆ. ಅಕ್ಕ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಈ ಕೈ ತಗೊಂಡು ನಾನು ಸಾಹೇಬರ ಮುಂದ ಬರಂಗಿಲ್ಲ. ನಿಮ್ಮಣ್ಣ ಕ್ರಾಂತಿ ಹಚ್ಲಿ" ಅಂದುಬಿಟ್ಟಳು. ನೀನು ಬಸ್ಸು ಹತ್ತಿದ ಮೇಲೂ ಅತ್ತಿದ್ದೀಯ ಅಂತ ಕಂಡಕ್ಟರ್ ಕೆಲಸದ ನಿಮ್ಮಣ್ಣನಿಗೆ ಆ ಬಸ್ಸಿನಲ್ಲಿದ್ದ ಅವನ ಗೆಳೆಯ ಹೇಳಿದನಂತೆ. ಅವಳ ಬೆರಳ ಸಂದಿನಲ್ಲಿ ಬಿರಿದು ರಕ್ತ ಬರುವುದು, ಉಗುರಿನ ಬುಡ ಬಾತು ಕೆಂಪಗಾಗುವುದು, ಚರ್ಮ ಸುಲಿಯುವುದು, ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಹರಪನಹಳ್ಳಿಯ ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು, "ಮುಲಾಮಿಂದಲ್ಲಮ್ಮ ವಾಸಿಯಾಗೋದು, ಮೂರು ತಿಂಗಳು ಸೋಪಿನ ನೀರಿಗೆ ಕೈ ಹಾಕಬ್ಯಾಡ" ಅಂದಿದ್ದರು. ಅದಕ್ಕೇ ನೀನು ಮೊದಲ ಸಂಬಳ ಬಂದ ಕೂಡಲೇ ನನಗೆ ಕಳಿಸಿ, "ಮಾಮಾ, ಪಾತ್ರೆ ತೊಳೆಯೋ ಮಷೀನು ತಗೊ. ಸಣ್ಣದು ಬ್ಯಾಡ, ಏಳು ಮಂದಿ ಮನಿಗೆ ಆಗೋದು ತಗೊ. ಇಷ್ಟರೊಳಗ ಮುಗಿಸು" ಅಂದೆ. ಮನೆಯಲ್ಲಿ ಓದಿದವರು ಇಬ್ಬರಿದ್ದಾರೆ. ನಿಮ್ಮಣ್ಣ ಇದ್ದಾನೆ, ಹೊಳಲಿನಲ್ಲಿ ಟೀಚರ್ ಆಗಿರುವ ನಿಮ್ಮತ್ತಿಗೆ ಕೋಮಲಾ ಇದ್ದಾಳೆ. ಅವರನ್ನೆಲ್ಲ ಬಿಟ್ಟು ಈ ಕೆಲಸಕ್ಕೆ ನೀನು ಆರಿಸಿದ್ದು ನನ್ನನ್ನು. ನಿನ್ನ ಮುಂದಿನ ಪೊಲೀಸ್ ಬುದ್ಧಿ ನನಗೆ ಅವತ್ತೇ ಕಂಡಿತು.

ನಾನು ಬರಿಗೈಯಲ್ಲಿ ಅಂಗಡಿಗೆ ಹೋಗುವ ಪೈಕಿಯವನಲ್ಲ. ಗೋಣಿಚೀಲದಲ್ಲಿ ನಮ್ಮ ಮನೆಯ ಪಾತ್ರೆಗಳನ್ನೇ ತುಂಬಿಕೊಂಡು ಹೊರಟೆ. ಮುದ್ದೆ ತಿರುವುವ ಬೋಗುಣಿ, ಐದು ಲೀಟರಿನ ಕುಕ್ಕರು, ನಾಲ್ಕು ತಟ್ಟೆ, ಒಂದು ಚರಿಗೆ, ಎಲ್ಲಕ್ಕಿಂತ ಮುಖ್ಯವಾಗಿ ನಿಮ್ಮಜ್ಜ ಉಣ್ಣುತ್ತಿದ್ದ ಆ ಅಗಲವಾದ ಸ್ಟೀಲಿನ ಗಂಗಾಳ. ಈ ಗಂಗಾಳ ಯಾವ ಮಷೀನಿನಲ್ಲಿ ಹಿಡಿಸುತ್ತದೋ ಅದೇ ನಮ್ಮ ಮಷೀನು ಅಂತ ತೀರ್ಮಾನಿಸಿದ್ದೆ. ಹರಪನಹಳ್ಳಿಯ ಅಂಗಡಿಯಲ್ಲಿ ಚೀಲ ಕೊಡವಿದಾಗ ಅಲ್ಲಿಯ ಹುಡುಗಿ, "ಏನ್ ಮಾಮ, ಪಾತ್ರೆ ಮಾರೋಕೆ ಬಂದ್ರಾ? ಹಳೇದು ತಗಳಲ್ಲ ನಾವು" ಅಂದಳು. ನಾನು ಗಂಭೀರವಾಗಿ, "ಇಲ್ಲವ್ವ, ಇವಕ್ಕ ಸ್ನಾನದ ಮನಿ ನೋಡಾಕ ಬಂದೀನಿ" ಅಂದೆ. ಅಲ್ಲಿದ್ದದ್ದು ಟೇಬಲ್ಲಿನ ಮೇಲೆ ಇಡುವ ಪುಟ್ಟ ಮಷೀನು, ಹಳೇ ಟೀವಿಯಷ್ಟು. ಬೆಲೆ ಕೇಳಲು ಮೆತ್ತಗೆ ಇತ್ತು, ನಿಜ. ಆದರೆ ಗಂಗಾಳ ಬಾಗಿಲಲ್ಲೇ ನಿಂತಿತು. ಓರೆ ಹಿಡಿದೆ, ನೆಟ್ಟಗೆ ಹಿಡಿದೆ, ಕೊನೆಗೆ ಆ ಹುಡುಗಿಯೇ ನಕ್ಕು, "ಇದು ಇಬ್ಬರು ಗಂಡ ಹೆಂಡ್ತಿ ಇರೋ ಮನೇಗೆ ಮಾಮ" ಅಂದಳು. ಕುಕ್ಕರನ್ನು ಇಟ್ಟರೆ ತಟ್ಟೆಗೆ ಜಾಗವಿಲ್ಲ, ತಟ್ಟೆ ಇಟ್ಟರೆ ಕುಕ್ಕರಿಗೆ ಇಲ್ಲ. ದಿನಕ್ಕೆ ನಾಲ್ಕು ಸಲ ಓಡಿಸಬೇಕು. ಅಗ್ಗ ಅಂತ ತಂದಿದ್ದರೆ ಅರ್ಧ ಪಾತ್ರೆ ಮತ್ತೆ ಅಕ್ಕನ ಕೈಗೇ ಬರುತ್ತಿತ್ತು. ಬಿಟ್ಟೆ.

ಆಮೇಲೆ ಹೊಸಪೇಟೆಯ ದೊಡ್ಡ ಶೋರೂಮು. ಅಬ್ಬಬ್ಬಾ, ಅಲ್ಲಿ ಮಷೀನುಗಳನ್ನು ಮದುವೆ ಗಂಡುಗಳ ಹಾಗೆ ಸಾಲಾಗಿ ನಿಲ್ಲಿಸಿದ್ದರು. ಟೈ ಕಟ್ಟಿದವನೊಬ್ಬ ಬಂದು ಇದು ಹದಿಮೂರು ಪ್ಲೇಸ್ ಸೆಟ್ಟಿಂಗು, ಇದು ಹದಿನಾಲ್ಕು ಅಂದ. ಅಂದರೇನಪ್ಪ ಅಂದೆ. ಒಬ್ಬ ಮನುಷ್ಯ ಒಂದು ಊಟಕ್ಕೆ ಬಳಸುವ ತಟ್ಟೆ, ಬಟ್ಟಲು, ಲೋಟ, ಚಮಚ ಎಲ್ಲ ಸೇರಿ ಒಂದು ಸೆಟ್ಟಿಂಗಂತೆ. ನಮ್ಮ ಮನೆಯಲ್ಲಿ ಏಳು ಜನ, ಆದರೆ ಬೋಗುಣಿ, ಕುಕ್ಕರುಗಳೇ ನಾಲ್ಕು ಜನರಷ್ಟು ಜಾಗ ತಿನ್ನುತ್ತವೆ, ಹಾಗಾಗಿ ಹನ್ನೆರಡು ಹದಿಮೂರರದು ಸರಿ ಅಂತ ನಾನೇ ಲೆಕ್ಕ ಹಾಕಿ ಹೇಳಿದಾಗ ಅವನು ಟೈ ಸರಿಮಾಡಿಕೊಂಡು ನನಗೆ ಕುರ್ಚಿ ಹಾಕಿಸಿದ. ಒಂದು ಮಷೀನಿನಲ್ಲಿ ಚಮಚಗಳಿಗಾಗಿಯೇ ಮೇಲೊಂದು ಬೇರೆ ಅಂತಸ್ತು ಇತ್ತು. ಅದಕ್ಕೆ ಇಷ್ಟು ಹೆಚ್ಚು, ಫೋನಿನಿಂದ ಚಾಲೂ ಮಾಡಲು ಇನ್ನಷ್ಟು ಹೆಚ್ಚು. ನಮ್ಮ ಮನೆಯಲ್ಲಿ ಇರುವುದೇ ಆರು ಚಮಚ, ಅದರಲ್ಲೊಂದು ನನ್ನ ಕೆಮ್ಮಿನ ಔಷಧದ್ದು, ಅದಕ್ಕೊಂದು ಮಹಡಿ ಯಾಕೆ? ಮಷೀನಿನ ಪಕ್ಕದಲ್ಲೇ ನಿಲ್ಲುವವರಿಗೆ ಫೋನು ಯಾಕೆ? ನೀನು ಕಳಿಸಿದ್ದರ ಒಂದೂವರೆ ಪಾಲು ಹೇಳಿದ. ಕುರ್ಚಿಗೆ ಥ್ಯಾಂಕ್ಸ್ ಹೇಳಿ ಎದ್ದು ಬಂದೆ.

ಕೊನೆಗೆ ಕೆಲಸ ಆದದ್ದು ಹಗರಿಬೊಮ್ಮನಹಳ್ಳಿಯ ಬಾಷಾನ ಹತ್ತಿರ. ನಿನಗೆ ನೆನಪಿರಬೇಕು, ಅಬ್ದುಲ್ ವಹಾಬರ ಮಗ, ಫ್ರಿಜ್ಜು ವಾಷಿಂಗ್ ಮಷೀನು ರಿಪೇರಿ ಮಾಡುತ್ತಿದ್ದವನು, ಈಗ ಅಂಗಡಿಯನ್ನೇ ಇಟ್ಟಿದ್ದಾನೆ. ಅವನು ನನ್ನ ಗೋಣಿಚೀಲ ನೋಡಿ ನಗಲಿಲ್ಲ. "ನೀನೊಬ್ಬನ ನೋಡು ಮೈಲಪ್ಪಣ್ಣಾ, ಸರಿಯಾಗಿ ಖರೀದಿಗೆ ಬಂದಾವ" ಅಂದ. ಬರೆದಿಟ್ಟುಕೊ, ಇದು ಅವನ ಬಾಯಿಂದಲೇ ಬಂದದ್ದು. ಹೊರಗಿನ ಬಾಗಿಲು ನೋಡಬೇಡ, ಒಳಗಿನ ಹೊಟ್ಟೆ ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ನೋಡು ಅಂದ. ಮೇಲಿನ ಜಾಲರಿ ಎತ್ತರಕ್ಕೂ ತಗ್ಗಿಗೂ ಸರಿಯುತ್ತದೋ ನೋಡು, ಸರಿದರೇ ನಿನ್ನ ಗಂಗಾಳ ಕೆಳಗೆ ನಿಲ್ಲುತ್ತದೆ ಅಂದ. ನಿಮ್ಮ ಬೋರಿನ ನೀರು ಗಡಸು, ಅದಕ್ಕೆ ಹೊಂದುವ ಉಪ್ಪಿನ ಡಬ್ಬಿ ಒಳಗೇ ಇರಬೇಕು, ಇಲ್ಲದಿದ್ದರೆ ಎರಡೇ ತಿಂಗಳಿಗೆ ತಟ್ಟೆ ಮೇಲೆ ಬಿಳಿ ಕಲೆ ಕೂರುತ್ತದೆ ಅಂದ. ರಿಪೇರಿಯವನು ಹಿರೇಹಡಗಲಿವರೆಗೂ ಬರುತ್ತಾನೋ ಕೇಳು ಅಂದ, ಆಮೇಲೆ ತಾನೇ "ನಾನ ಬರ್ತೀನಿ" ಅಂದ. ಇಷ್ಟೆಲ್ಲ ಇರುವ, ಎರಡಡಿ ಅಗಲದ, ಹದಿಮೂರು ಸೆಟ್ಟಿಂಗಿನ ದೊಡ್ಡ ಮಷೀನು ಅವನ ಅಂಗಡಿಯ ಮೂಲೆಯಲ್ಲೇ ಇತ್ತು. ಗಿರಾಕಿಗೆ ತೋರಿಸಲು ಇಟ್ಟದ್ದು, ಒಂದು ಸಲವೂ ಪಾತ್ರೆ ತೊಳೆಯದೇ ಇದ್ದದ್ದು. ಎಡಗಡೆಯ ತಗಡಿಗೆ ಇಳಿಸುವಾಗ ಪೆಟ್ಟು ಬಿದ್ದು ಅಂಗೈಯಗಲ ತಗ್ಗಾಗಿತ್ತು. ಗ್ಯಾರಂಟಿ ಪೂರಾ, ಬೆಲೆ ಮಾತ್ರ ಇಳಿಸಿದ್ದ. ಆ ತಗ್ಗನ್ನು ನೋಡಿ ಮೂವರು ಗಿರಾಕಿಗಳು ಬೇಡ ಅಂದು ಹೋಗಿದ್ದರಂತೆ. ನಾನು ಒಂದು ಮಾತು ಕೇಳಿದೆ, "ನಮ್ಮ ಅಡಿಗಿಮನ್ಯಾಗ ಇದರ ಎಡಗಡಿ ಗ್ವಾಡಿ ಬರ್ತೈತಿ. ಗ್ವಾಡಿಗೆ ಕಣ್ಣದಾವೇನು?" ಬಾಷಾ ಎರಡೂ ಕೈ ಎತ್ತಿಬಿಟ್ಟ. ಗಂಗಾಳ ಇಟ್ಟು ನೋಡಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ನೀನು ಹೇಳಿದ ಗೆರೆಯೊಳಗೇ ಮುಗಿಸಿ, ಉಪ್ಪು, ಸೋಪಿನ ಪುಡಿ, ನಳದ ಪೈಪು ಎಲ್ಲ ಅದರಲ್ಲೇ ಸೇರಿಸಿಕೊಂಡು, ನನ್ನದೇ ಆಟೋದಲ್ಲಿ ಹೇರಿಕೊಂಡು ಬಂದೆ. ದಾರಿಯುದ್ದಕ್ಕೂ ಮದುಮಗಳನ್ನು ಕರೆತರುವವನ ಹಾಗೆ ನಿಧಾನವಾಗಿ ಓಡಿಸಿದ್ದೇನೆ.

ಒಂದು ಸಣ್ಣ ತಪ್ಪಾಯಿತು, ಅದನ್ನು ಕೋಮಲಾ ನಿನಗೆ ಬೇರೆ ರೀತಿ ಹೇಳುವ ಮೊದಲು ನಾನೇ ಹೇಳುತ್ತೇನೆ. ಅಂಗಡಿಯಿಂದ ಅವಳಿಗೆ ಫೋನು ಮಾಡಿ, ಸಿಂಕಿನ ಪಕ್ಕದ ಜಾಗ ಎಷ್ಟು ಗೇಣು ಇದೆ ನೋಡು ಅಂದೆ. ಮೂರು ಗೇಣು ಅಂದಳು. ನಾನು ಮಷೀನಿಗೆ ಗೇಣು ಹಾಕಿದೆ, ಮೂರಕ್ಕೆ ಸ್ವಲ್ಪ ಕಮ್ಮಿಯೇ ಬಂತು. ಸರಿಹೋಯಿತಲ್ಲ! ಮನೆಗೆ ತಂದು ತಳ್ಳಿದರೆ ನಾಲ್ಕು ಬೆರಳಷ್ಟು ಹೊರಗೇ ಉಳಿಯಿತು. ಟೀಚರಮ್ಮನ ಗೇಣು ಸೀಮೆಸುಣ್ಣ ಹಿಡಿಯುವ ಗೇಣು, ನನ್ನದು ಸ್ಟೇರಿಂಗ್ ಹಿಡಿಯುವ ಗೇಣು, ಇದು ಯಾರಿಗೆ ಹೊಳೆಯಬೇಕು? "ಮಾಮಾ, ಟೇಪು ಅಂತ ಒಂದು ಐತಿ ಲೋಕದಾಗ" ಅಂದಳು ಕೋಮಲಾ. ಕಲ್ಲುಕೆಲಸದ ಪಾಲಯ್ಯನನ್ನು ಕರೆಸಿ ಕಟ್ಟೆಯ ಕಡಪಾ ಕಲ್ಲಿನ ಅಂಚು ಕೊಯ್ಯಿಸಿದ್ದಾಯಿತು, ಅವನು ಸ್ವಲ್ಪ ಹೆಚ್ಚೇ ಕೊಯ್ದ. ಈಗ ನೋಡಿದರೆ ಗಾಳಿಯಾಡಲು ಬೇಕಂತಲೇ ಬಿಟ್ಟ ಹಾಗಿದೆ. ಬಂದವರಿಗೆಲ್ಲ ನಾನು ಹಾಗೇ ಹೇಳುತ್ತೇನೆ.

ಇನ್ನು ನಿನ್ನವ್ವನ ವಿಷಯ. ಮಷೀನು ಒಳಗೆ ಬಂದಾಗ ಅವಳು ಬಾಗಿಲಲ್ಲಿ ನಿಂತು ನೋಡಿದಳು. ಬಯ್ಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ನಾನು ಉಪ್ಪು ಸುರಿಯುವಾಗ ಮಾತ್ರ ಬಾಯಿ ತೆರೆದಳು, "ಪಾತ್ರಿ ತೊಳಿಯಾಕ ಉಪ್ಪೇನಲೇ ಮೈಲ್ಯಾ? ಹಂಗಾರ ಸಾರಿಗೆ ಸೋಪು ಹಾಕ್ಲೇನು?" ಎರಡೂವರೆ ತಾಸು ಓಡುತ್ತದೆ ಅಂದಾಗ, "ಅಷ್ಟೊತ್ತಿಗೆ ನಾನು ಒಂದು ಮದುವಿಮನಿ ಪಾತ್ರಿ ತೊಳದು ಮನಿಗೆ ಬರ್ತಿದ್ದೆ" ಅಂದಳು. ಒಂದೇ ಕೊಡ ನೀರಿನಲ್ಲಿ ಅಷ್ಟೂ ಪಾತ್ರೆ ಮುಗಿಯುತ್ತದೆ ಅಂದಾಗ ಮಾತ್ರ ಸ್ವಲ್ಪ ಹತ್ತಿರ ಬಂದಳು. ನಮ್ಮ ಓಣಿಯ ನಳಕ್ಕೆ ನೀರು ಬರುವ ಚೆಂದ ನಿನಗೆ ಗೊತ್ತಲ್ಲ. ಮೊದಲ ದಿನ ನಾನೊಂದು ಎಡವಟ್ಟು ಮಾಡಿದೆ. ಬಾಷಾ ಬೇಡ ಅಂದಿದ್ದರೂ ಮರೆತು ಅಲ್ಯೂಮಿನಿಯಂ ಬೋಗುಣಿಯನ್ನೂ ಒಳಗಿಟ್ಟೆ. ಅದು ಬೆಳ್ಳಗೆ ಹೋಗಿ ಕಪ್ಪಗೆ ಬಂತು. ಅಕ್ಕ ಅದನ್ನು ನನ್ನ ಮುಖದ ಪಕ್ಕ ಹಿಡಿದು, "ಅಣ್ಣತಮ್ಮರ ಇದ್ದಂಗದೀರಿ" ಅಂದಳು. ಆದರೆ ಸ್ಟೀಲು, ಯಶೂ, ಸ್ಟೀಲು ಹೇಗೆ ಬಂತು ಗೊತ್ತೇ! ಮುದ್ದೆ ಒಣಗಿ ಸಿಮೆಂಟಾಗಿದ್ದ ಪಾತ್ರೆ ಕೂಡ ಫಳಫಳ. ಪಕ್ಕದ ಮನೆಯ ಹಂಪಕ್ಕ ಬಂದು ನೋಡಿ ತನ್ನ ಮುಖವನ್ನು ನಿಮ್ಮಜ್ಜನ ಗಂಗಾಳದಲ್ಲಿ ಕಂಡು ಕೂದಲು ಸರಿಮಾಡಿಕೊಂಡು ಹೋದಳು. ಊರಿನಲ್ಲಿ ಇದೇ ಮೊದಲನೆಯದು. ದೊಡ್ಡ ಓಣಿಯ ದೊಡ್ಡ ಮನೆಗಳಲ್ಲೂ ಇಲ್ಲ, ನಾನು ವಿಚಾರಿಸಿದ್ದೇನೆ, ಬೇಕಂತಲೇ ನಾಲ್ಕು ಕಡೆ ವಿಚಾರಿಸಿದ್ದೇನೆ.

ಒಂದು ವಾರ ಎಲ್ಲ ಸರಿ ಇದೆ ಅಂದುಕೊಂಡೆವು. ಆದರೆ ಅಕ್ಕನ ಕೈ ಹಾಗೇ ಇತ್ತು, ಇನ್ನೂ ಕೆಂಪಾಗಿತ್ತು. ಮುಲಾಮು ಹಚ್ಚುತ್ತಾಳೆ, ಪಾತ್ರೆ ಮಷೀನು ತೊಳೆಯುತ್ತದೆ, ಮತ್ತೆ ಯಾಕೆ ಹೀಗೆ? ನಾನು ಪಿಎಸ್‌ಐ ಮಾವನಲ್ಲವೇ, ಪತ್ತೆದಾರಿಕೆ ಮಾಡಿದೆ. ಕೋಮಲಾ ಶಾಲೆಗೆ, ಕ್ರಾಂತಿ ಡ್ಯೂಟಿಗೆ ಹೋದ ಮೇಲೆ ಒಂದು ದಿನ ಆಟೋ ತೆಗೆಯುವ ಸದ್ದು ಮಾಡಿ, ತಿರುವಿನಲ್ಲೇ ನಿಲ್ಲಿಸಿ, ಹಿತ್ತಲಿನಿಂದ ಬಂದೆ. ನಿನ್ನವ್ವ ಮಷೀನಿನಿಂದ ತೆಗೆದ ಪಾತ್ರೆಗಳನ್ನೆಲ್ಲ ಬಚ್ಚಲ ಕಲ್ಲಿನ ಮೇಲೆ ಸುರಿದುಕೊಂಡಿದ್ದಳು. ಅಷ್ಟನ್ನೂ ಮತ್ತೆ ಸೋಪು ಹಾಕಿ ಉಜ್ಜಿ, ರಾಶಿ ಮಾಡಿ, ಕೊನೆಗೆ ಚರಿಗೆಯಿಂದ ಆ ರಾಶಿಯ ಮೇಲೆ ಎತ್ತರದಿಂದ ನೀರು ಹಾಕುತ್ತಿದ್ದಳು. ಮೇಲಿನಿಂದ ಸುತ್ತಲೂ ಒಂದು ಸಲ, ಆಮೇಲೆ ಒಂದೊಂದೇ ತಟ್ಟೆ ಎತ್ತಿ ಒಳಗೆ ಇಡುವುದು.

ಆ ನೀರು ಹಾಕುವ ರೀತಿಯನ್ನು ನೀನು ಎಲ್ಲಿ ನೋಡಿದ್ದೀ ಅಂತ ನಾನು ಬರೆಯಬೇಕಾಗಿಲ್ಲ. ನೀನೂ ಸಣ್ಣವಳಿದ್ದಾಗ ಅವಳ ಸೆರಗು ಹಿಡಿದು ಪೇಟೆಯ ಆ ಮನೆಗಳ ಹಿತ್ತಲಿಗೆ ಹೋದವಳೇ. ಹದಿನೆಂಟು ವರ್ಷ ನಿನ್ನವ್ವ ಅಲ್ಲಿ ಪಾತ್ರೆ ಉಜ್ಜಿದಳು. ಉಜ್ಜಿ, ತೊಳೆದು, ಕಲ್ಲಿನ ಮೇಲೆ ಬೋರಲು ಹಾಕಿ ದೂರ ಸರಿದು ನಿಲ್ಲಬೇಕು. ಆಮೇಲೆ ಒಳಗಿನಿಂದ ಮನೆಯಾಕೆ ಬಂದು, ಚರಿಗೆಯಿಂದ ಮೇಲಿನಿಂದ ನೀರು ಹಾಕಿ, ನಮ್ಮ ಕೈ ಮುಟ್ಟಿದ್ದನ್ನು ಕಳೆದು, ಆಮೇಲೆ ಪಾತ್ರೆ ಒಳಗೆ ಒಯ್ಯುವುದು. ಎಷ್ಟು ಚೆನ್ನಾಗಿ ತೊಳೆದರೂ ಆ ಚರಿಗೆ ನೀರು ತಪ್ಪುತ್ತಿರಲಿಲ್ಲ.

ನನ್ನ ಬಾಯಿ ನಿನಗೆ ಗೊತ್ತು. ಯೋಚನೆಗಿಂತ ಮುಂದೆ ಓಡುತ್ತದೆ. ಹಿತ್ತಲಿನಲ್ಲೇ ನಿಂತು ನಗುತ್ತಾ ಕೂಗಿದೆ, "ಯಕ್ಕಾ, ಆ ಮಷೀನು ಯಾವ ಕೇರಿದು ಅಂತ ಮ್ಯಾಲ ನೀರು ಹಾಕ್ತೀ?"

ಅಂದ ಮೇಲೆ ನಾನು ಅಂದದ್ದೇನು ಅಂತ ನನಗೆ ಕೇಳಿಸಿತು. ಅಕ್ಕನ ಕೈಯಲ್ಲಿ ಚರಿಗೆ ಹಾಗೇ ಓರೆಯಾಗಿ ನಿಂತಿತು, ನೀರು ಸುರಿದು ಮುಗಿದರೂ ಇಳಿಸಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಚರಿಗೆಯನ್ನು ಮೆಲ್ಲಗೆ ಕಲ್ಲಿನ ಮೇಲಿಟ್ಟು, ಕೈ ಒರೆಸಿಕೊಂಡು, ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ನೂರು ಕಡೆ ನೂರು ಮಾತಾಡಿ ಜಗಳ ಗೆದ್ದ ನಾನು ಅವತ್ತು ಬಚ್ಚಲ ಕಲ್ಲಿನ ಮೇಲೆ ಉಳಿದ ಪಾತ್ರೆಗಳನ್ನು ಒಂದೊಂದೇ ಎತ್ತಿ ಒಳಗೆ ತಂದಿಟ್ಟೆ. ಮೂರು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಮಷೀನಿನ ಹತ್ತಿರವೂ ಹೋಗಲಿಲ್ಲ. ಕೋಮಲಾ ಕೂಡ ನನ್ನನ್ನು ಬೈದಳು, ಬೈಯಬೇಕಾದದ್ದೇ. ನಾನು ಎಲ್ಲ ಕೆಡಿಸಿದೆ, ಇನ್ನು ಇವಳು ಕೈ ವಾಸಿಯಾಗಲು ಬಿಡುವುದಿಲ್ಲ, ಪರೇಡಿಗೂ ಬರುವುದಿಲ್ಲ, ನಿನಗೆ ಯಾವ ಮುಖ ತೋರಿಸಲಿ ಅಂತ ನಾನು ಕೊಟ್ಟೂರಿನ ಬಾಡಿಗೆ ಎರಡು ಬಿಟ್ಟು ಮನೆಯಲ್ಲೇ ಸುಳಿದಾಡಿದೆ.

ನಾಲ್ಕನೇ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ನಾನೇ ಪಾತ್ರೆ ತುಂಬಿ ಚಾಲೂ ಮಾಡಿದ್ದ ಮಷೀನು ಆಗತಾನೇ ನಿಂತಿತ್ತು. ಅಕ್ಕ ಎದ್ದಳು. ಮಷೀನಿನ ಬಾಗಿಲು ತೆರೆದಳು, ಹಬೆ ಅವಳ ಮುಖಕ್ಕೆ ಬಡಿಯಿತು. ಅದರೊಳಗಿನಿಂದ ಬಿಸಿ ಬಿಸಿ ತಟ್ಟೆಯೊಂದನ್ನು ಸೆರಗಿನ ತುದಿಯಲ್ಲಿ ಹಿಡಿದು ತೆಗೆದಳು. ತೊಳೆಯಲಿಲ್ಲ, ನೀರು ಹಾಕಲಿಲ್ಲ, ಒರೆಸಲೂ ಇಲ್ಲ. ನೇರವಾಗಿ ನನ್ನ ಮುಂದೆ ಇಟ್ಟು ರೊಟ್ಟಿ, ಪುಂಡಿಪಲ್ಯ ಬಡಿಸಿ, "ಉಣ್ಣು" ಅಂದಳು. ಇನ್ನೊಂದು ತಟ್ಟೆ ತೆಗೆದು ತನಗೂ ಬಡಿಸಿಕೊಂಡಳು. ಅರ್ಧ ಊಟ ಆದ ಮೇಲೆ, ನನ್ನನ್ನು ನೋಡದೇ, "ಅದಕ್ಕ ಬಾಯಿ ಇಲ್ಲಲೇ ಮೈಲ್ಯಾ. ನಾನು ನೀರು ಹಾಕಿದ್ರೂ ಸುಮ್ನಿತ್ತು. ಆ ಹಿತ್ತಲದಾಗ ನಾನೂ ಹಂಗ ಸುಮ್ನಿದ್ದೆ" ಅಂದಳು. ಆಮೇಲೆ ಉಪ್ಪಿನಕಾಯಿ ಬೇಕಾ ಅಂದಳು. ನಾನು ಬೇಕು ಅಂದೆ. ಅಷ್ಟೇ ಮಾತು. ರೊಟ್ಟಿ ಎರಡು ಹೆಚ್ಚು ತಿಂದೆ, ಕಣ್ಣಲ್ಲಿ ನೀರು ಬಂದದ್ದಕ್ಕೆ ಪಲ್ಯದ ಖಾರದ ಮೇಲೆ ತಪ್ಪು ಹೊರಿಸಿದೆ.

ಅವತ್ತಿನಿಂದ ಅವಳ ಕೈ ಸೋಪಿನ ನೀರಿಗೆ ಬಿದ್ದಿಲ್ಲ. ಮಷೀನಿಗೆ ಹೋಗದ ಹಂಚು, ಅಲ್ಯೂಮಿನಿಯಂ, ಎಲ್ಲವನ್ನೂ ತಿಕ್ಕುವವನು ಯಾರು ಅಂತ ಕೇಳಬೇಡ, ನನ್ನ ಮರ್ಯಾದೆ ಇರಲಿ. ಈಗ ಅಕ್ಕನೇ ಮಷೀನಿಗೆ ಯಜಮಾನಿ. ತಟ್ಟೆ ಓರೆ ಇಟ್ಟರೆ ನಿಮ್ಮಣ್ಣನಿಗೂ ಬಯ್ಯುತ್ತಾಳೆ, "ನೀರು ಹೊಡಿಯೋ ರೆಕ್ಕಿಗೆ ತಾಗ್ತೈತಿ, ಸರಿಯಾಗಿ ಇಡು" ಅಂತ. ಕರೆಂಟು ಹೋಗಿ ನಡುವೆ ನಿಂತರೆ ಬಾಗಿಲು ತೆರೆಯಬಾರದು, ಬಂದಮೇಲೆ ತಾನೇ ಮುಂದುವರಿಸುತ್ತದೆ ಅನ್ನುವುದನ್ನು ಹಂಪಕ್ಕನಿಗೆ ಕಲಿಸುತ್ತಿದ್ದಳು, ಹಂಪಕ್ಕನ ಮನೆಯಲ್ಲಿ ಮಷೀನೇ ಇಲ್ಲ. ಹೋದ ಮಂಗಳವಾರ ಡಾಕ್ಟರ ಹತ್ತಿರ ಹೋಗಿದ್ದೆವು. ಅವರು ಅವಳ ಬೆರಳುಗಳನ್ನು ಬೆಳಕಿಗೆ ಹಿಡಿದು ಹೊರಳಿಸಿ ನೋಡಿ, ಬಿರುಕೆಲ್ಲ ಕೂಡಿಕೊಂಡಿವೆ, ಉಗುರು ಹೊಸದಾಗಿ ಬರುತ್ತಿವೆ ಅಂದರು. ಗೆರೆಗಳು ಉಳಿಯುತ್ತವಂತೆ. ಉಳಿಯಲಿ ಬಿಡು. ಆಟೋದಲ್ಲಿ ಬರುವಾಗ ಅವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳಲಿಲ್ಲ, ಮಡಿಲ ಮೇಲೆ ಹೊರಗೇ ಇಟ್ಟುಕೊಂಡಿದ್ದಳು. ನಾನು ಕನ್ನಡಿಯಲ್ಲಿ ನೋಡಿದೆ.

ನಿನ್ನ ದುಡ್ಡು ದಂಡವಾಗಲಿಲ್ಲ ಅಂತ ಇಷ್ಟೆಲ್ಲ ಬರೆದೆ. ಒಳ್ಳೆಯ ಮಷೀನು ಆರಿಸಿದ್ದು ನಾನು, ಆದರೆ ಅದಕ್ಕಿಂತ ಒಳ್ಳೆಯ ಅಕ್ಕನನ್ನು ನಾನು ಆರಿಸಿಕೊಂಡದ್ದಲ್ಲ, ಸುಮ್ಮನೆ ಸಿಕ್ಕಳು. ಈ ಮಾತನ್ನು ಅವಳಿಗೆ ಹೇಳಬೇಡ, ತಲೆಗೇರಿಸಿಕೊಂಡಾಳು. ಮೊಣಕಾಲು ಜೋಪಾನ. ಮೇಲಿನವರು ಗದರಿಸಿದರೆ ತಲೆ ಎತ್ತಿಕೊಂಡೇ ಕೇಳು. ಕೋಮಲಾ, ಕ್ರಾಂತಿ, ನಿಮ್ಮತ್ತೆ ಎಲ್ಲರೂ ನಿನ್ನನ್ನು ಕೇಳಿದರು. ಓಣಿಯ ಅರ್ಧ ಜನ ಕೇಳಿದರು, ಉಳಿದರ್ಧಕ್ಕೆ ನಾನೇ ಹೋಗಿ ಹೇಳಿ ಬಂದಿದ್ದೇನೆ. ಬುದ್ಧ ಭಗವಾನರ ಕರುಣೆ, ಬಾಬಾಸಾಹೇಬರ ಬಲ ನಿನ್ನ ಬೆನ್ನಿಗಿರಲಿ.

ನಿನ್ನ ಮಾಮ,
ಮೈಲಪ್ಪ
(ಲಗೇಜ್ ಆಟೋ ಮಾಲೀಕರು, ಹಿರೇಹಡಗಲಿ)

ತಾ.ಕ. (ಸೋಮವಾರ): ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನವ್ವ ಪರೇಡಿಗೆ ಬರುತ್ತಾಳೆ. ನಿನಗೆ ಅಲ್ಲಿಯೇ ಗೊತ್ತಾಗಲಿ ಅಂತ ಫೋನಿನಲ್ಲಿ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ, ಕಾಗದದಲ್ಲಿ ಬರೆಯಬಾರದು ಅಂತ ಆಣೆ ಇಲ್ಲ. ದರ್ಜಿ ಗಾದೆಪ್ಪನ ಹತ್ತಿರ ಎರಡು ಹಿತ್ತಾಳೆ ಗುಂಡಿ ತಂದುಕೊಂಡು, ದಿನಾ ಸಂಜೆ ನನ್ನ ಖಾಕಿ ಅಂಗಿಯ ಹೆಗಲಿಗೆ ಹಚ್ಚಿ ಹಚ್ಚಿ ಕಲಿಯುತ್ತಿದ್ದಾಳೆ. ಮೊನ್ನೆ ಪಿನ್ನು ಚುಚ್ಚಿ ನಾನು "ಯಪ್ಪಾ" ಅಂದದ್ದಕ್ಕೆ, "ಪಿಎಸ್‌ಐ ಯಪ್ಪಾ ಅನ್ನಂಗಿಲ್ಲ, ನೆಟ್ಟಗ ನಿಂದ್ರು" ಅಂದಳು. "ಯಶೋಧರಾ ನಿನಗಿಂತ ಒಂದು ತಲೆ ಎತ್ತರ ಅದಾಳ, ಹೆಗಲು ನಿನಗ ನಿಲುಕಂಗಿಲ್ಲ, ಸ್ವಲ್ಪ ಬಗ್ಗು ಅಂತ ಆಕಿಗೆ ಅವತ್ತ ಹೇಳ್ತೀನಿ" ಅಂದೆ. ಸಿಟ್ಟಿಗೆದ್ದಳು. "ಆಕಿ ಯಾಕ ಬಗ್ಗಬೇಕು? ನಾನ ತುದಿಗಾಲ ಮ್ಯಾಲ ನಿಂದರ್ತೀನಿ" ಅಂದಳು.